ದೊಡ್ಡ ಖರ್ಚಿಗೆ ಹೂಂ ಅನ್ನುವ ಮೊದಲು: ಕರಾವಳಿಯಲ್ಲಿ ಹಳೇ ಮೈಲ್ಡ್ ಹೈಬ್ರಿಡ್ ಕಾರಿನ ದೋಷ ಹುಡುಕುವುದು ಹೇಗೆ

ಜೂನ್ ತಿಂಗಳ ಒಂದು ಸಂಜೆ ಕಾರವಾರದಿಂದ ಶಿರಸಿಗೆ ಹೊರಟಿದ್ದೆವು. ಕುಮಟಾದಲ್ಲಿ ದೇವಿಮನೆ ಘಟ್ಟದ ಕಡೆ ತಿರುಗುವ ಮೊದಲು ಒಂದು ಲಾರಿಗೆ ದಾರಿ ಬಿಡಲು ನಿಂತೆ. ಗೇರ್ ನ್ಯೂಟ್ರಲ್‌ಗೆ ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ ಎಂದಿನಂತೆ ತಾನಾಗಿಯೇ ಆಫ್ ಆಯಿತು. ಲಾರಿ ಹೋಯಿತು, ಕ್ಲಚ್ ತುಳಿದೆ. ಎಂಜಿನ್ ಏಳಲಿಲ್ಲ. ಮೀಟರ್ ಬೋರ್ಡಿನ ದೀಪಗಳೆಲ್ಲ ಒಮ್ಮೆ ಮಂಕಾದವು. ಬಾನೆಟ್ ಒಳಗಿಂದ ‘ಟಿಕ್’ ಅಂತ ಒಂದು ಶಬ್ದ ಬಂತು, ಅಷ್ಟೇ. ಹೊರಗೆ ಜೋರು ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ.

ನಾಲ್ಕು ಜನ ಸೇರಿ ಗಾಡಿಯನ್ನು ಬದಿಗೆ ತಳ್ಳಿಕೊಟ್ಟರು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಯಿತು.

ಮುಂದಿನ ಮೂರು ವಾರ ನಾನು ಅನುಭವಿಸಿದ್ದು ಇನ್ನೊಬ್ಬರಿಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಒಂದು ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ನಾಲ್ಕನೇ ದಿನ ಮತ್ತದೇ ‘ಟಿಕ್’. ಇನ್ನೊಂದು ಗ್ಯಾರೇಜಿನಲ್ಲಿ ಹೈಬ್ರಿಡ್ ಯಂತ್ರವೇ ಹೋಗಿದೆ, ಪೂರ್ತಿ ಬದಲಿಸಬೇಕು ಅಂದರು. ಹೇಳಿದ ಮೊತ್ತ ಕೇಳಿ ಗಾಡಿ ಮಾರಿಬಿಡೋಣ ಅನಿಸಿತ್ತು. ಕೊನೆಗೆ ಸಿಕ್ಕ ಕಳ್ಳ ಯಾರು ಗೊತ್ತಾ? ಗೇರ್‌ಬಾಕ್ಸಿನಿಂದ ಗಾಡಿಯ ಬಾಡಿ ಲೋಹಕ್ಕೆ ಹೋಗುವ ಗೇಣುದ್ದದ ತಾಮ್ರದ ಹೆಣಿಗೆ ಪಟ್ಟಿ, ಅಂದರೆ ಅರ್ತಿಂಗ್ ಪಟ್ಟಿ. ಉಪ್ಪುಗಾಳಿಗೆ ಒಳಗಿಂದೊಳಗೇ ಪುಡಿಯಾಗಿತ್ತು. ಹೊಸದಕ್ಕೆ ಆದ ಖರ್ಚು 350 ರೂಪಾಯಿ.

ನಮ್ಮ ಕಡೆ ಈ ಗಾಡಿಗಳು ಕೈಕೊಟ್ಟಾಗ ಎಲ್ಲರ ಕಣ್ಣು ಮೊದಲು ‘ಹೈಬ್ರಿಡ್’ ಅನ್ನುವ ಪದದ ಮೇಲೇ ಬೀಳುತ್ತದೆ. ಆದರೆ ಕಡಲು, ಮಳೆ, ಕೆಂಪು ಮಣ್ಣು ಇರುವ ಈ ಜಿಲ್ಲೆಯಲ್ಲಿ ಮೊದಲು ನೋಡಬೇಕಾದ್ದು ಅರ್ತಿಂಗ್, ಬ್ಯಾಟರಿ, ಬೆಲ್ಟ್, ಮತ್ತೆ ಸೀಟಿನ ಕೆಳಗಿನ ನೀರು. ದುಬಾರಿ ಭಾಗದ ಸರದಿ ಇವೆಲ್ಲ ಆದ ಮೇಲೆ.

ಒಳಗೆ ಇರುವುದೇನು

ಮೈಲ್ಡ್ ಹೈಬ್ರಿಡ್ ಕರೆಂಟಿನಲ್ಲೇ ಓಡುವ ಗಾಡಿ ಅಲ್ಲ. ಮಾಮೂಲಿ ಎಂಜಿನ್ನಿಗೆ ಆಲ್ಟರ್ನೇಟರ್ ಇರುವ ಜಾಗದಲ್ಲಿ ಇಲ್ಲಿ ಐಎಸ್‌ಜಿ ಅನ್ನುವ ಯಂತ್ರ ಇರುತ್ತದೆ. ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಸಿರುತ್ತಾರೆ. ಅದು ಬ್ಯಾಟರಿ ಚಾರ್ಜ್ ಮಾಡುತ್ತದೆ. ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ನನ್ನು ಸದ್ದಿಲ್ಲದೆ ಎಬ್ಬಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸ್ವಲ್ಪ ಹೊತ್ತು ಎಂಜಿನ್ನಿಗೆ ಕೈಜೋಡಿಸುತ್ತದೆ. ಕಾಲು ತೆಗೆದಾಗ ಓಟದ ವೇಗವನ್ನೇ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಸಾಮಾನ್ಯವಾಗಿ ಬೇರೆ ಸೆಲ್ಫ್ ಮೋಟರ್ ಇರುತ್ತದೆ.

ನಮ್ಮಲ್ಲಿ ಇದು ಜನರಿಗೆ ಪರಿಚಯವಾದದ್ದು 2015ರಲ್ಲಿ, ಮಾರುತಿ ಸುಜುಕಿಯ ಸಿಯಾಜ್ ಡೀಸೆಲ್‌ನಲ್ಲಿ, ಎಸ್‌ಎಚ್‌ವಿಎಸ್ ಅನ್ನುವ ಹೆಸರಿನಿಂದ. ಆಗ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ ಒಂದೇ. 2018ರ ಪೆಟ್ರೋಲ್ ಸಿಯಾಜ್‌ನಲ್ಲಿ ಅದರ ಜೊತೆಗೆ ಚಿಕ್ಕದೊಂದು ಲಿಥಿಯಂ ಬ್ಯಾಟರಿ ಬಂತು. 2019ರಲ್ಲಿ ಬಲೆನೊ, ಟೊಯೋಟಾ ಗ್ಲಾಂಜಾದಂಥ ಸಣ್ಣ ಕಾರುಗಳಿಗೂ ಬಂತು. ಇವೆಲ್ಲ 12 ವೋಲ್ಟಿನವು. ಅದೇ ವರ್ಷ ಬಂದ ಎಂಜಿ ಹೆಕ್ಟರ್ ಪೆಟ್ರೋಲ್ ಹೈಬ್ರಿಡ್ 48 ವೋಲ್ಟಿನದು. ನಾನು ಇಲ್ಲಿ ಹೇಳುವ ಅಳತೆಗಳು 12 ವೋಲ್ಟಿನ ಗಾಡಿಗೆ ಮಾತ್ರ. ನನ್ನ ಗಾಡಿ ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ. ತೊಂದರೆ ಬಂದದ್ದು ನಮ್ಮ ಹವೆಯಿಂದ.

ಕೆಂಪು ದೀಪವೋ, ಹಳದಿ ದೀಪವೋ

ಬಾನೆಟ್ ಎತ್ತುವ ಮೊದಲು ಯಾವ ದೀಪ ಉರಿದಿದೆ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಹಳದಿ ಬಣ್ಣದ ಸ್ಟಾರ್ಟ್-ಸ್ಟಾಪ್ ಅಥವಾ ಹೈಬ್ರಿಡ್ ದೀಪ ಒಂದೇ ಉರಿದಿದ್ದರೆ ಹೆದರಬೇಡಿ. ಗಾಡಿ ಹೈಬ್ರಿಡ್ ಕೆಲಸ ಬಿಟ್ಟು ಮಾಮೂಲಿ ಪೆಟ್ರೋಲ್ ಕಾರಿನ ಹಾಗೆ ಓಡುತ್ತದೆ. ಆರಾಮಾಗಿ ಮನೆ ಮುಟ್ಟಬಹುದು. ಎಂಜಿನ್ ಓಡುತ್ತಿರುವಾಗ ಕೆಂಪು ಬ್ಯಾಟರಿ ದೀಪ ಉರಿದರೆ ಅದು ಬೇರೆ ಮಾತು. ಚಾರ್ಜ್ ಮಾಡುವ ಯಂತ್ರವೂ ಐಎಸ್‌ಜಿಯೇ ಅಲ್ವಾ? ಚಾರ್ಜ್ ನಿಂತಿದೆ, ಬ್ಯಾಟರಿಯಲ್ಲಿ ಉಳಿದಷ್ಟು ಕರೆಂಟಿನಲ್ಲಿ ಗಾಡಿ ಓಡುತ್ತಿದೆ ಅಂತ ಅರ್ಥ. ಎಸಿ, ಸ್ಟೀರಿಯೋ ಆಫ್ ಮಾಡಿ. ಆ ಸ್ಥಿತಿಯಲ್ಲಿ ದೇವಿಮನೆ, ಅರಬೈಲು, ಅಣಶಿ ಯಾವ ಘಟ್ಟವನ್ನೂ ಹತ್ತಬೇಡಿ. ಮಧ್ಯೆ ನಿಂತರೆ ಮೊಬೈಲ್ ಸಿಗ್ನಲ್ ಕೂಡ ಸಿಗದ ತಿರುವುಗಳಿವೆ. ಹತ್ತಿರದ ಪೇಟೆಗೆ ವಾಪಸ್ ಬನ್ನಿ.

ಕೆಂಪು ದೀಪದ ಜೊತೆ ಎಂಜಿನ್ ಬಿಸಿಯ ದೀಪವೂ ಬಂದರೆ ಒಂದು ಫರ್ಲಾಂಗ್ ಕೂಡ ಮುಂದೆ ಹೋಗಬೇಡಿ. ಹಲವು ಎಂಜಿನ್‌ಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಅದು ತುಂಡಾಗಿರಬಹುದು.

ಮೀಟರ್ ಹಿಡಿಯುವುದು, ಮತ್ತು ಎಲ್ಲರೂ ಎಡವುವ ಜಾಗ

ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಬಾನೆಟ್ ಬೆಳಿಗ್ಗೆ ಎತ್ತಿ, ಏನೂ ಆನ್ ಮಾಡದೆ ಲೆಡ್ ಆಸಿಡ್ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 12.6 ಅಥವಾ ಮೇಲೆ ಇದ್ದರೆ ತುಂಬಿದೆ. 12.4 ಇದ್ದರೆ ಮುಕ್ಕಾಲು. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಅಂದರೆ ಬ್ಯಾಟರಿ ಖಾಲಿ, ಬೇರೆ ಯಾವ ಪರೀಕ್ಷೆ ಮಾಡುವುದಕ್ಕೂ ಮೊದಲು ಚಾರ್ಜ್ ಮಾಡಿಸಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಹುಡುಕಿದರೆ ಗಾಡಿಯಲ್ಲಿರುವ ಎಲ್ಲ ಭಾಗವೂ ಹಾಳಾದ ಹಾಗೆ ಕಾಣುತ್ತದೆ.

ಇನ್ನು ಎಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು. ನನ್ನ ಗಾಡಿಗೆ ‘ಐಎಸ್‌ಜಿ ಹೋಗಿದೆ ಸಾರ್’ ಅಂದದ್ದು ಈ ಹಂತದಲ್ಲೇ. ಎಂಜಿನ್ ಓಡುತ್ತಿರುವಾಗ ಮೀಟರ್ 12.7 ತೋರಿಸುತ್ತಿತ್ತು. ಹಳೇ ಗಾಡಿಯಲ್ಲಿ ಹಾಗೆ ತೋರಿಸಿದರೆ ಆಲ್ಟರ್ನೇಟರ್ ಹೋಗಿದೆ ಅಂತಲೇ ಲೆಕ್ಕ, ಯಾಕೆಂದರೆ ಅದು ಯಾವಾಗಲೂ 13.5ರಿಂದ 14.5ರವರೆಗೆ ಕೊಡುತ್ತಿರಬೇಕು. ಆದರೆ ಈ ಗಾಡಿಗಳಲ್ಲಿ ಚಾರ್ಜಿಂಗ್ ಕಂಪ್ಯೂಟರ್ ಕೈಯಲ್ಲಿದೆ. ಬ್ಯಾಟರಿ ಚೆನ್ನಾಗಿ ತುಂಬಿದ್ದರೆ ಪೆಟ್ರೋಲ್ ಉಳಿಸಲು ಅದು ಬೇಕಂತಲೇ ಚಾರ್ಜ್ ಕಡಿಮೆ ಮಾಡುತ್ತದೆ. ಆಗ 12.7 ಕಂಡರೆ ತಪ್ಪಲ್ಲ.

ಹಾಗಾದರೆ ನೋಡುವುದು ಹೇಗೆ? ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಆನ್ ಮಾಡಿ ಎರಡು ನಿಮಿಷ ಕಾಯಿರಿ. ಐಎಸ್‌ಜಿ ಸರಿ ಇದ್ದರೆ ವೋಲ್ಟೇಜ್ ಮೇಲೇರಬೇಕು. ಇದಕ್ಕಿಂತ ಚೆನ್ನಾದ ಪರೀಕ್ಷೆ ಓಡುವಾಗ ಮಾಡುವುದು. ಸಿಗರೇಟ್ ಲೈಟರ್ ತೂತಿಗೆ ಹಾಕುವ ಚಿಕ್ಕ ವೋಲ್ಟ್ ಮೀಟರ್ ಸಿಗುತ್ತದೆ, ಒಂದು ತಂದಿಡಿ. ಶಿರಸಿಯಿಂದ ಕುಮಟಾಕ್ಕೆ ಘಟ್ಟ ಇಳಿಯುವಾಗ ಪಕ್ಕದಲ್ಲಿ ಕೂತವರು ಅದನ್ನು ನೋಡುತ್ತಿರಲಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ 14 ದಾಟಿದರೆ ಐಎಸ್‌ಜಿ ಚಾರ್ಜ್ ಮಾಡುತ್ತಿದೆ. ನನ್ನ ಗಾಡಿಯಲ್ಲಿ ಪ್ರತಿ ತಿರುವಿಗೆ ಮೊದಲೂ 14.4 ಬರುತ್ತಿತ್ತು. ಹೋಗಿದೆ ಅಂದಿದ್ದ ಯಂತ್ರ ಕಣ್ಣೆದುರೇ ಕೆಲಸ ಮಾಡುತ್ತಿತ್ತು! ಲೋಡ್ ಹಾಕಿದರೂ, ಇಳಿಜಾರಿನಲ್ಲೂ ವೋಲ್ಟೇಜ್ ಏರದೆ ಸುಮ್ನೆ ಇಳಿಯುತ್ತಲೇ ಹೋದರೆ ಮಾತ್ರ ಬೆಲ್ಟ್, ಫ್ಯೂಸ್, ಐಎಸ್‌ಜಿ ಕನೆಕ್ಟರ್ ಕಡೆ ಹೋಗಿ. ಅವೂ ಸರಿ ಇದ್ದರೆ ಆಮೇಲೆ ಐಎಸ್‌ಜಿ.

ದಯವಿಟ್ಟು ಒಂದು ಕೆಲಸ ಯಾರಿಂದಲೂ ಮಾಡಿಸಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಗಾಡಿ ಆಫ್ ಆಗುತ್ತದಾ ಅಂತ ನೋಡುವ ಹಳೇ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಹಿಂದಿನ ಗಾಡಿಗಳಲ್ಲಿ ಹೇಗೋ ನಡೆಯುತ್ತಿತ್ತು. ಇದರಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಕಂಪ್ಯೂಟರ್ ಸುಡಬಹುದು. ನಿಮ್ಮ ಎದುರು ಯಾರಾದರೂ ಸ್ಪ್ಯಾನರ್ ಹಿಡಿದು ಅದಕ್ಕೆ ಕೈಹಾಕಿದರೆ ತಡೆಯಿರಿ.

ಅರ್ತಿಂಗ್

ನನ್ನ ಗಾಡಿಯ ರೋಗ ಇದೇ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಬ್ಯಾಟರಿಯ ನೆಗೆಟಿವ್ ವೈರ್ ಗಾಡಿಯ ಬಾಡಿಗೆ ಹೋಗುತ್ತದೆ. ಬಾಡಿಯಿಂದ ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಆ ಪಟ್ಟಿಯೇ ಅದರ ದಾರಿ. ಸೆಲ್ಫ್ ಮೋಟರ್ ಆಗಲಿ ಐಎಸ್‌ಜಿ ಆಗಲಿ, ಎಂಜಿನ್ ಎಬ್ಬಿಸುವ ಆ ಕ್ಷಣಕ್ಕೆ ನೂರಕ್ಕೂ ಜಾಸ್ತಿ ಆಂಪಿಯರ್ ಕರೆಂಟ್ ಅದರಲ್ಲೇ ವಾಪಸ್ ಬರಬೇಕು. ಮಾಮೂಲಿ ಕಾರಿನಲ್ಲಿ ಇದು ದಿನಕ್ಕೆ ನಾಲ್ಕೈದು ಸಲ ಆಗುತ್ತದೆ. ನಮ್ಮ ಗಾಡಿಯಲ್ಲಿ ಪೇಟೆ ಸುತ್ತಿದರೆ ಒಂದೇ ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಆಗುತ್ತದೆ. ಅದಕ್ಕೇ ಬೇರೆ ಗಾಡಿ ಸಹಿಸಿಕೊಳ್ಳುವ ಸಣ್ಣ ತುಕ್ಕನ್ನು ಈ ಗಾಡಿ ಸಹಿಸುವುದಿಲ್ಲ.

ಆ ಪಟ್ಟಿ ಇರುವುದು ತಗ್ಗಿನಲ್ಲಿ, ಚಕ್ರದ ನೀರು ಹಾರುವ ಜಾಗದಲ್ಲಿ. ಕಾರವಾರದಲ್ಲಿ ಮನೆ ಕಡಲಿಗೆ ಹತ್ತಿರ ಇದ್ದರೆ ಮನೆಯ ಗೇಟಿನ ಹಿಂಜಿಗೆ ಏನಾಗುತ್ತದೆ ನೋಡಿದ್ದೀರಲ್ಲ, ಇದಕ್ಕೂ ಅದೇ ಗತಿ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳ ಹಿಂದೆ ಹೋದರೆ ಅವುಗಳಿಂದ ಸುರಿಯುವ ಉಪ್ಪುನೀರು ಬೇರೆ.

ಅಂಕೋಲಾದ ಒಬ್ಬ ಹಿರಿಯ ವೈರಿಂಗ್ ಮೇಸ್ತ್ರಿ ನನ್ನ ಕಥೆಯನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು: “ಮೊದ್ಲು ಮೀಟರ್ ಹಿಡಿಯುವ ಮಾರಾಯ್ರೇ, ಆಮೇಲೆ ಮಾತಾಡುವ.” ನಾನು ಎಲ್ಲ ವೈರಿಗೂ ಬೀಪ್ ಹಾಕಿ ನೋಡಿದ್ದೇನೆ ಅಣ್ಣ, ಎಲ್ಲ ಸರಿ ಇದೆ ಅಂದೆ. ಅವರು ತಲೆ ಅಲ್ಲಾಡಿಸಿದರು. ಮಲ್ಟಿಮೀಟರಿನ ಬೀಪ್ ನಂಬಬಾರದು. ನೂರು ಎಳೆಯ ಪಟ್ಟಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಆದರೆ ನೂರು ಆಂಪಿಯರ್ ಆ ಒಂದೇ ಎಳೆಯಲ್ಲಿ ಬರುವುದಿಲ್ಲ.

ಅವರು ಮಾಡಿ ತೋರಿಸಿದ್ದು ಇಷ್ಟು. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟರು. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ವೈರಿನ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ. ಇನ್ನೊಂದು ಎಂಜಿನ್ನಿನ ಬಣ್ಣ ಇಲ್ಲದ ಬರಿ ಲೋಹಕ್ಕೆ. ನನಗೆ ಸೆಲ್ಫ್ ಹೊಡೆಯಲು ಹೇಳಿದರು. ದಾರಿ ಸರಿ ಇದ್ದರೆ ಆ ಹೊತ್ತಿಗೆ ಮೀಟರ್ 0.2 ವೋಲ್ಟಿನ ಆಸುಪಾಸು ಇರಬೇಕು. ನಮ್ಮದು 1.4 ತೋರಿಸಿತು. ಅಂದರೆ ಬ್ಯಾಟರಿಯ ಶಕ್ತಿಯಲ್ಲಿ ಅಷ್ಟು ಪಾಲು ಆ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತಿತ್ತು. ಆಮೇಲೆ ಕಡ್ಡಿಯನ್ನು ಒಂದೊಂದೇ ಹೆಜ್ಜೆ ಹಿಂದಕ್ಕೆ ತಂದರು. ಬ್ಯಾಟರಿ ಕಂಬದಿಂದ ಬಾಡಿಗೆ: 0.1. ಬಾಡಿಯಿಂದ ಗೇರ್‌ಬಾಕ್ಸಿಗೆ: 1.3. ಕಳ್ಳ ಸಿಕ್ಕ.

ಬೋಲ್ಟ್ ಬಿಚ್ಚಿ ಪಟ್ಟಿ ಕೈಗೆ ಕೊಟ್ಟರು. ಮೇಲೆ ನೋಡಿದರೆ ಚೆನ್ನಾಗಿಯೇ ಇತ್ತು. ಮಡಚಿದ ಕೂಡಲೇ ಒಳಗಿಂದ ಹಸಿರು ಪುಡಿ ಅಂಗೈ ಮೇಲೆ ಉದುರಿತು. ಹತ್ತು ನಿಮಿಷ ಬಿಟ್ಟರೆ ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿತ್ತು ಅನ್ನುವುದೂ ಆಗ ತಿಳಿಯಿತು. ಕರೆಂಟ್ ಹರಿದು ಬಿಸಿಯಾದ ಜಾಗ ತಣ್ಣಗಾದ ಮೇಲೆ ಮತ್ತೆ ಅಷ್ಟಿಷ್ಟು ಹಿಡಿಯುತ್ತಿತ್ತು.

ಹೊಸ ಪಟ್ಟಿ ಹಾಕುವಾಗ ಬೋಲ್ಟ್ ಕೂರುವ ಎರಡೂ ಜಾಗವನ್ನು ಮರಳು ಕಾಗದದಿಂದ ಹೊಳೆಯುವ ಹಾಗೆ ಉಜ್ಜಬೇಕು. ಮೊದಲು ಬಿಗಿಯಾಗಿ ಕೂರಿಸಿ, ಆಮೇಲೆ ಮೇಲಿನಿಂದ ವ್ಯಾಸಲೀನ್ ಹಚ್ಚಬೇಕು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹೂವಿನಂಥ ಪುಡಿ ಬಂದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ನಾನು ಈಗ ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ದೀಪಾವಳಿ ಹೊತ್ತಿಗೆ, ಈ ವೋಲ್ಟೇಜ್ ಪರೀಕ್ಷೆ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಬ್ಯಾಟರಿ ಬದಲಿಸಿದ ಮೇಲೆ ಶುರುವಾಗುವ ತೊಂದರೆ

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಮೊದಲು ಇದನ್ನು ನೋಡಬೇಕು. ಮಾರುವವರು ಗಾಡಿಗೆ ಹೊಸ ಬ್ಯಾಟರಿ ಹಾಕಿದ್ದೇನೆ ಅನ್ನುತ್ತಾರೆ. ಯಾವ ಬ್ಯಾಟರಿ ಅಂತ ಕೇಳಿ. ಈ ಗಾಡಿಗಳಿಗೆ ಬೇಕಾದ್ದು ಪದೇಪದೇ ಸ್ಟಾರ್ಟ್ ಆಗುವುದನ್ನು ತಡೆದುಕೊಳ್ಳುವ ಇಎಫ್‌ಬಿ ಅಥವಾ ಎಜಿಎಂ ಜಾತಿಯದು. ಮೇಲಿನ ಸ್ಟಿಕ್ಕರಿನಲ್ಲಿ ಐಎಸ್‌ಎಸ್ ಅಂತಲೋ, ಇಎಫ್‌ಬಿ ಅಂತಲೋ ಬರೆದಿರುತ್ತದೆ. ಕಡಿಮೆಗೆ ಸಿಗುತ್ತದೆ ಅಂತ ಸಾದಾ ಬ್ಯಾಟರಿ ಹಾಕಿದರೆ ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಐಡಲ್ ಸ್ಟಾಪ್, ಅಂದರೆ ನಿಂತಲ್ಲಿ ಎಂಜಿನ್ ತಾನಾಗಿ ಆಫ್ ಆಗುವುದು, ನಿಲ್ಲುತ್ತದೆ, ಆಮೇಲೆ ಬೆಳಗಿನ ಸ್ಟಾರ್ಟ್ ಭಾರವಾಗುತ್ತದೆ.

ನೆಗೆಟಿವ್ ಕ್ಲಾಂಪಿನ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಅದು ಬ್ಯಾಟರಿ ಸೆನ್ಸರ್. ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಅನ್ನುವ ಲೆಕ್ಕ ಇಡುವುದು ಅದರ ಕೆಲಸ. ಹೊರಗಿನ ಚಾರ್ಜರ್ ಅಥವಾ ಜಂಪ್ ವೈರ್ ಹಾಕುವಾಗ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿ ಕಂಬಕ್ಕೆ ಹಾಕಬೇಡಿ, ಎಂಜಿನ್ ಅಥವಾ ಬಾಡಿಯ ಬರಿ ಲೋಹಕ್ಕೆ ಹಾಕಿ. ಕಂಬಕ್ಕೇ ಹಾಕಿದರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟರಿ ತುಂಬಿದ್ದರೂ ಗಾಡಿ ಖಾಲಿ ಅಂದುಕೊಳ್ಳುತ್ತದೆ. ಬ್ಯಾಟರಿ ಕಳಚಿ ಹಾಕಿದ ಮೇಲೆ ಒಂದೆರಡು ದಿನ ಐಡಲ್ ಸ್ಟಾಪ್ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಒಂದು ರಾತ್ರಿ ಗಾಡಿ ಲಾಕ್ ಮಾಡಿ ಮುಟ್ಟದೆ ಬಿಡಿ. ಸೆನ್ಸರ್ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ.

ಐಡಲ್ ಸ್ಟಾಪ್ ಆಗುತ್ತಿಲ್ಲ ಅನ್ನುವ ದೂರು

ಇದರಲ್ಲಿ ಎಷ್ಟೋ ಸಲ ದೋಷವೇ ಇರುವುದಿಲ್ಲ. ಎಂಜಿನ್ ಇನ್ನೂ ಬಿಸಿಯಾಗಿಲ್ಲ, ಸೀಟ್ ಬೆಲ್ಟ್ ಹಾಕಿಲ್ಲ, ಡ್ರೈವರ್ ಬಾಗಿಲು ಸರಿಯಾಗಿ ಮುಚ್ಚಿಲ್ಲ, ಏಪ್ರಿಲ್ ಸೆಖೆಗೆ ಎಸಿ ಪೂರ್ತಿ ಓಡುತ್ತಿದೆ: ಯಾವುದಾದರೂ ಒಂದಿದ್ದರೆ ಗಾಡಿ ಎಂಜಿನ್ ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ನಾವೆಲ್ಲ ಮುಂದಿನ ಗಾಜಿನ ಮಂಜು ತೆಗೆಯುವ ಬಟನ್ ಒತ್ತಿಕೊಂಡೇ ಓಡಿಸುತ್ತೇವೆ. ಹಲವು ಗಾಡಿಗಳಲ್ಲಿ ಅದು ಆನ್ ಇದ್ದರೆ ಐಡಲ್ ಸ್ಟಾಪ್ ಇಲ್ಲ. ಘಟ್ಟ ಹತ್ತುವಾಗ ಮೋಟರಿನ ಸಹಾಯ ಸ್ವಲ್ಪ ಹೊತ್ತಿಗೇ ಮುಗಿಯುವುದು, ಇಳಿಯುವಾಗ ಬ್ಯಾಟರಿ ತುಂಬಿ ಮೀಟರ್ ಬೋರ್ಡಿನ ಚಾರ್ಜಿಂಗ್ ಬಾಣ ಮಾಯವಾಗುವುದು, ಇವೂ ದೋಷವಲ್ಲ. ಬ್ಯಾಟರಿ ಅಷ್ಟು ಚಿಕ್ಕದು.

ನಿಜವಾದ ದೋಷ ಇದ್ದರೆ ಮೊದಲು ಕ್ಲಚ್ ಪೆಡಲಿನ ಸ್ವಿಚ್ ನೋಡಿ. ಅದಕ್ಕೂ ಮೊದಲು ಕಾಲಡಿಯ ಮ್ಯಾಟ್ ನೋಡಿ. ಮಳೆಗಾಲಕ್ಕೆ ಅಂತ ಕಂಪನಿ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ರಬ್ಬರ್ ಮ್ಯಾಟ್, ಅದರ ಮೇಲೆ ಹಳೇ ಪೇಪರ್ ಹಾಕುತ್ತೇವೆ. ಪೆಡಲ್ ತಳ ಮುಟ್ಟುವುದಿಲ್ಲ, ಸ್ವಿಚ್ ಒತ್ತುವುದಿಲ್ಲ, ಎಂಜಿನ್ ಏಳುವುದಿಲ್ಲ. ನನ್ನ ಭಾವನ ಗಾಡಿ ಶಿರಸಿ ಪೇಟೆಯಲ್ಲಿ ಎರಡು ಸಲ ಹೀಗೆ ನಿಂತಿತ್ತು. ಮೇಲಿನ ಮ್ಯಾಟ್ ತೆಗೆದದ್ದೇ ರಿಪೇರಿ.

ಬೆಲ್ಟ್

ಐಎಸ್‌ಜಿ ಬೆಲ್ಟಿಗೆ ಎರಡು ಕಡೆಯಿಂದ ಕೆಲಸ. ಒಮ್ಮೆ ಎಂಜಿನ್ ಅದನ್ನು ಎಳೆಯುತ್ತದೆ, ಒಮ್ಮೆ ಅದು ಎಂಜಿನ್ನನ್ನು ಎಳೆಯುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಏಳುವಾಗ ‘ಕೀಂಯ್’ ಅಂತ ಕೂಗಿದರೆ ಬೆಲ್ಟ್ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸಡಿಲ ಆಗಿದೆ. ಎಂಜಿನ್ ಆಫ್ ಇರುವಾಗ, ಕೀ ಜೇಬಿನಲ್ಲಿಟ್ಟುಕೊಂಡು ಪರೀಕ್ಷಿಸಿ. ಐಡಲ್ ಸ್ಟಾಪ್‌ನಲ್ಲಿ ನಿಂತ ಎಂಜಿನ್ನಿಗೆ ಕೈಹಾಕಬೇಡಿ, ಯಾವ ಕ್ಷಣದಲ್ಲಾದರೂ ಏಳಬಹುದು. ಬಿರುಕು ಕಾಣದಿದ್ದರೆ ಬೆಲ್ಟ್ ಚೆನ್ನಾಗಿದೆ ಅಂತ ಅರ್ಥವಲ್ಲ. ಈಗಿನ ಇಪಿಡಿಎಂ ರಬ್ಬರ್ ಬೆಲ್ಟ್ ಬಿರುಕು ಬಿಡದೆ, ಟೈರಿನ ಹಾಗೆ ಸವೆಯುತ್ತದೆ. ಗೀರುಗಳ ಆಳ ಹೋಗಿದೆಯಾ ನೋಡಬೇಕು. ತೋಟದ ಕಚ್ಚಾ ರಸ್ತೆಯ ಕೆಂಪು ಮಣ್ಣು ಆ ಗೀರುಗಳಲ್ಲಿ ಸೇರಿ ಅರದಂತೆ ಉಜ್ಜುತ್ತದೆ. ಕೂಗುತ್ತದೆ ಅಂತ ಬೆಲ್ಟಿಗೆ ಎಣ್ಣೆ, ಸೋಪು, ಪೌಡರ್ ಏನೂ ಹಾಕಬೇಡಿ. ಬೆಲ್ಟ್ ಬದಲಿಸುವಾಗ ಇದಕ್ಕೆಂದೇ ಇರುವುದನ್ನೇ ಕೇಳಿ, ಸಾದಾ ಮಾಡೆಲಿನದು ಬೇಡ. ಟೆನ್ಷನರ್ ಬೇರಿಂಗ್ ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದರೆ ಅದನ್ನೂ ಬದಲಿಸಿ.

ಎಂಜಿನ್ ಏಳುವಾಗ ಕೂಗದೆ ‘ಧಡ್’ ಅಂತ ಅದುರಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ.

ಸೀಟಿನ ಕೆಳಗಿನ ನೀರು

ಅರ್ತಿಂಗ್ ಸರಿಯಾದ ಮೇಲೆ ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಮುಂದಿನ ಆಗಸ್ಟ್‌ನಲ್ಲಿ ಹಳದಿ ಹೈಬ್ರಿಡ್ ದೀಪ ಬಂತು. ಬೆಳಿಗ್ಗೆ ಇರುತ್ತಿತ್ತು, ಮಧ್ಯಾಹ್ನ ಬಿಸಿಲಿಗೆ ಹೋಗುತ್ತಿತ್ತು. ಈ ಬಾರಿ ನನಗೆ ಆ ‘ಬಿಸಿಲಿಗೆ ಹೋಗುತ್ತದೆ’ ಅನ್ನುವುದೇ ಸುಳಿವು ಕೊಟ್ಟಿತು. ಎಲ್ಲೋ ತೇವ ಇದೆ.

ನಮ್ಮ ದೇಶದ ಕಾರುಗಳಲ್ಲಿ ಎಸಿಯ ತಂಪು ಪೆಟ್ಟಿಗೆ ಇರುವುದು ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಎಡಗಡೆ ಭಾಗದಲ್ಲಿ. ಅದರ ನೀರು ಒಂದು ಚಿಕ್ಕ ಪೈಪಿನಲ್ಲಿ ಗಾಡಿಯ ಕೆಳಗೆ ಹೋಗುತ್ತದೆ. ಎಸಿ ಹಾಕಿ ನಿಲ್ಲಿಸಿದಾಗ ನೆಲದ ಮೇಲೆ ತೊಟ್ಟಿಕ್ಕುವ ನೀರು ಅದೇ. ಆ ಪೈಪಿನ ಬಾಯಿಗೆ ಎಲೆ, ಧೂಳು, ಹುಳದ ಗೂಡು ಕಟ್ಟಿದರೆ ನೀರು ಒಳಗೆ, ಎಡಗಡೆ ಮುಂದಿನ ಸೀಟಿನ ಕಾಲಡಿಗೆ ಇಳಿಯುತ್ತದೆ. ಅದೇ ಸೀಟಿನ ಕೆಳಗೆ ಲಿಥಿಯಂ ಬ್ಯಾಟರಿ ಇಡುವ ಗಾಡಿಗಳಿವೆ. ನನ್ನದೂ ಅಂಥದ್ದೇ.

ಕಾರ್ಪೆಟ್ ಮೇಲೆ ಕೈಯಿಟ್ಟರೆ ಒಣಗಿಯೇ ಇತ್ತು. ಅಂಚಿನಲ್ಲಿ ಎತ್ತಿ ಕೆಳಗಿನ ಸ್ಪಂಜು ಹಿಂಡಿದರೆ ಅಂಗೈ ತುಂಬ ನೀರು. ಮುಗ್ಗಲು ವಾಸನೆ. ಬ್ಯಾಟರಿ ಪೆಟ್ಟಿಗೆಗೆ ನೀರು ತಾಗಿರಲಿಲ್ಲ. ಆದರೆ ಅದಕ್ಕೆ ಹೋಗುವ ಒಂದು ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಛಾಯೆ ಬಂದಿತ್ತು. ಪೈಪಿನ ಬಾಯಿಯ ಕಸ ತೆಗೆಸಿದೆ. ಅದಕ್ಕೆ ಜೋರಾಗಿ ಗಾಳಿ ಊದಬಾರದು, ಒಳಗೆ ಕಳಚಿಕೊಂಡರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ. ಕಾರ್ಪೆಟ್ ಎತ್ತಿಟ್ಟು ನಾಲ್ಕು ದಿನ ಟೇಬಲ್ ಫ್ಯಾನ್ ಹಾಕಿ ಒಣಗಿಸಿದೆ. ಕನೆಕ್ಟರ್ ಕೆಲಸವನ್ನು ನಾನು ಮಾಡಲಿಲ್ಲ. 12 ವೋಲ್ಟ್ ಆದರೂ ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಅಪಾಯ. ತಿಳಿದವರ ಹತ್ತಿರ, ಬ್ಯಾಟರಿ ಕಡಿತ ಮಾಡಿಸಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆಸಿದೆ. ದೀಪ ಮತ್ತೆ ಬಂದಿಲ್ಲ.

ಆ ಬ್ಯಾಟರಿ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಅದು ಉಬ್ಬಿದ್ದರೆ, ಸಿಹಿಯಾದ ಅಥವಾ ಸುಟ್ಟ ವಾಸನೆ ಬಂದರೆ, ಪ್ರವಾಹದ ನೀರಲ್ಲಿ ಮುಳುಗಿದ್ದರೆ, ಗಾಡಿ ಸ್ಟಾರ್ಟ್ ಮಾಡದೆ ಮನೆಯಿಂದ ದೂರ ನಿಲ್ಲಿಸಿ ಸರ್ವಿಸ್‌ನವರನ್ನು ಕರೆಯಿರಿ. ಗಾಡಿ ಕೊಳ್ಳುವಾಗಲೂ ಎಡಗಡೆ ಕಾರ್ಪೆಟ್ ಎತ್ತಿ ಸ್ಪಂಜು ಹಿಂಡಿ ನೋಡುವುದನ್ನು ಮರೆಯಬೇಡಿ. ಸೀಟಿನ ಕೆಳಗಿನ ಹಳಿಗಳಲ್ಲಿ ಸಣ್ಣ ಮಣ್ಣಿನ ಗೆರೆ ಕಂಡರೆ ಆ ಗಾಡಿ ನೀರು ಕಂಡಿದೆ. ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ

ಗಾಡಿ ಲಾಕ್ ಮಾಡಿ, ಕೀಯನ್ನು ದೂರ ಇಟ್ಟು, ಮುಕ್ಕಾಲು ಗಂಟೆ ಬಿಟ್ಟ ಮೇಲೆ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಹೋಗಬಾರದು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ಯಾವಾಗ ಇಳಿಯುತ್ತದೆ ನೋಡಬೇಕು. ಹಳೇ ಗಾಡಿಗಳಲ್ಲಿ ಮೊದಲಿನ ಮಾಲೀಕರು ಕೂರಿಸಿದ ಜಿಪಿಎಸ್ ಡಬ್ಬಿ, ಡ್ಯಾಶ್ ಕ್ಯಾಮೆರಾ, ಆಂಪ್ಲಿಫೈಯರ್ ಇದ್ದರೆ ಮೊದಲು ಅವುಗಳನ್ನೇ ಅನುಮಾನಿಸಿ. ಬ್ರೇಕ್ ಲೈಟ್ ಸ್ವಿಚ್ ಅಂಟಿಕೊಂಡರೂ ಹೀಗೆ ಆಗುತ್ತದೆ. ಅದು ಐಡಲ್ ಸ್ಟಾಪನ್ನೂ ಕೆಡಿಸಬಹುದು. ರಾತ್ರಿ ಗಾಡಿಯ ಹಿಂದೆ ನಿಂತು ಒಮ್ಮೆ ನೋಡಿ. ಘಟ್ಟದ ಮೇಲೆ ಅಡಿಕೆ ಮನೆಗಳ ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರನ್ನೂ ಹುಡುಕಬೇಕು. ಬ್ಯಾಟರಿ ತಟ್ಟೆಯ ಕೆಳಗೆ ಅಡಿಕೆ ಸಿಪ್ಪೆ, ಹಿಕ್ಕೆ ಸಿಕ್ಕರೆ ಅನುಮಾನವೇ ಬೇಡ.

ಗ್ಯಾರೇಜಿಗೆ ಹೋಗುವಾಗ

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್‌ನ ಇಎಲ್‌ಎಂ 327 ಸ್ಕ್ಯಾನರ್ ಇದ್ದರೆ ಕೋಡ್ ಓದಿ ಬರೆದಿಟ್ಟುಕೊಳ್ಳಿ. ಅಳಿಸಬೇಡಿ, ಅಳಿಸಿದರೆ ಮುಂದೆ ನೋಡುವವರಿಗೆ ಸುಳಿವೇ ಉಳಿಯುವುದಿಲ್ಲ. ಪಿ 0562 ಅಂದರೆ ವೋಲ್ಟೇಜ್ ಕಡಿಮೆ ಇತ್ತು ಅಂತ, ಅಷ್ಟೇ. ಐಎಸ್‌ಜಿ ಹೋಗಿದೆ ಅಂತಲ್ಲ. ನನಗೆ ಪುಡಿಯಾದ ಅರ್ತಿಂಗ್ ಪಟ್ಟಿಯಿಂದ ಬಂದಿದ್ದ ಕೋಡ್ ಕೂಡ ಇದೇ.

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಬೆಳಗಿನ ವೋಲ್ಟೇಜ್, ಲೋಡ್ ಹಾಕಿದಾಗಿನ ವೋಲ್ಟೇಜ್, ಇಳಿಜಾರಿನಲ್ಲಿ ಬಂದದ್ದು, ಸೆಲ್ಫ್ ಹೊಡೆಯುವಾಗ ನೆಗೆಟಿವ್ ಕಂಬದಿಂದ ಎಂಜಿನ್ನಿಗೆ ಸಿಕ್ಕ ಅಳತೆ, ಬ್ಯಾಟರಿಯ ಜಾತಿ ಮತ್ತು ತಾರೀಖು, ಯಾವ ದೀಪ, ಮಳೆ ಇತ್ತಾ ಬಿಸಿಲಿತ್ತಾ. ಐಎಸ್‌ಜಿ ಬದಲಿಸಬೇಕು ಅಂದರೆ ಇಳಿಜಾರಿನ ಅಳತೆ ತೋರಿಸಿ, ಇದು 14 ಬರುತ್ತಿರುವಾಗ ಏನು ಹೋಗಿದೆ ಅಂತ ಕೇಳಿ. ಅಳೆದು ತೋರಿಸಿ ಉತ್ತರ ಕೊಟ್ಟರೆ ಕೆಲಸ ಕೊಡಿ. ಬದಲಿಸಿದರೆ ಹಳೇ ಭಾಗವನ್ನು ಕೇಳಿ ಮನೆಗೆ ತನ್ನಿ.